ಚಪ್ಪಟೆ ಪಾದಕ್ಕೆ ಎಂಥ ಇನ್‌ಸೋಲ್ ಹಾಕಬೇಕು?

ನವನಗರದಾಂವ:
ಬಾಗಲಕೋಟೆಯಲ್ಲಿ ಬಟ್ಟೆ ಅಂಗಡಿ ಕೆಲಸ, ದಿನವಿಡೀ ನಿಂತೇ ಇರಬೇಕು. ಬೆಳಿಗ್ಗೆ ಎದ್ದು ಕಾಲೂರಿದರೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಕಮ್ಮಿ. ಮೆತ್ತಗಿನ ಜೆಲ್ ಇನ್‌ಸೋಲ್ ತಂದು ಹಾಕಿದೆ. ನೋವು ಹಾಗೇ ಇದೆ, ಮೇಲೆ ಶೂ ಬಿಗಿ ಬೇರೆ. ಏನು ತಗೊಳ್ಳಲಿ?

ವಿಜಯಪುರದಾಕೆ:
ಶೂ ಒಳಗಿನ ಹಳೇ ಇನ್‌ಸೋಲ್ ತೆಗೆದಿದ್ದೀರಾ? ಅದರ ಮೇಲೇ ಇನ್ನೊಂದು ಹಾಕಿದರೆ ಬಿಗಿ ಆಗದೆ ಇನ್ನೇನು. ಮೊದಲು ಪಾದ ಒದ್ದೆ ಮಾಡಿಕೊಂಡು ಒಣಗಿದ ಶಹಾಬಾದ್ ಕಲ್ಲಿನ ಮೇಲೆ ನಿಂತು ನೋಡಿ. ಒಳಬದಿಯೂ ತುಂಬಿ ಇಡೀ ಪಾದದ ಗುರುತು ಬಿದ್ದರೆ ಕಮಾನು (ಪಾದದ ಒಳಬದಿಯ ಬಾಗು) ತಗ್ಗು. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಹೊರಬದಿಯಲ್ಲಿ ಸಣ್ಣ ಪಟ್ಟಿ ಮಾತ್ರ ಬಿದ್ದರೆ ಕಮಾನು ಎತ್ತರ. ತಗ್ಗು ಇದ್ದವರಿಗೆ ಬರೀ ಮೆತ್ತಗಿದ್ದರೆ ಸಾಲದು, ಪಾದ ಅದರಲ್ಲಿ ಕುಸಿದು ಕೂರುತ್ತದೆ. ಕಮಾನಿನ ಕೆಳಗೆ ಸ್ವಲ್ಪ ಗಟ್ಟಿಯಾಗಿ ಎತ್ತಿ ಹಿಡಿಯುವಂಥದ್ದು ಬೇಕು. ಶೂ ಸಹ ಹಿಮ್ಮಡಿ ಹಿಂದೆ ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗಬಾರದು, ಮಡಚಿದರೆ ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಅಲ್ಲ.

ಅಥಣಿ ಕಡೆಯವ:
ಮನೆಗೆ ಬಂದು ಏನು ಮೆಟ್ಟುತ್ತೀರಿ ಅಂತ ಯಾರೂ ಕೇಳಲಿಲ್ಲವಲ್ಲ! ನಮ್ಮ ಕಡೆ ಹೊಲಿಯುವ ಕೊಲ್ಹಾಪುರಿ ಅಂದರೆ ನನಗೆ ಪ್ರಾಣ. 2019ರಲ್ಲಿ ಅದಕ್ಕೆ ಜಿಐ, ಅಂದರೆ ಇಂಥ ಪ್ರದೇಶದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೆಲ್ಲಾ ಅದರಲ್ಲಿ ಸೇರಿದವು. ಆದರೆ ಅದರ ತೊಗಲು ಮೆಟ್ಟುತ್ತಾ ಮೆಟ್ಟುತ್ತಾ ಅಗಲಕ್ಕೆ ಸಡಿಲಾಗುತ್ತದೆ ಅಷ್ಟೇ, ಕಮಾನನ್ನು ಎತ್ತುವುದಿಲ್ಲ. ಅಡಿ ಪೂರಾ ಸಪಾಟು. ಹಿಮ್ಮಡಿ ನೋವು ಇರುವಾಗ ಮದುವೆ ಮನೆಗೆ ಮಾತ್ರ ಇಟ್ಟುಕೊಳ್ಳಿ. ಬರಿಗಾಲಲ್ಲಿ ಕಲ್ಲು ನೆಲದ ಮೇಲೆ ಓಡಾಡೋದೂ ಬೇಡ.

ಕಾಲುನಡಿಗೆ:
ಚಪ್ಪಟೆ ಪಾದ ಇದ್ದವರೆಲ್ಲ ಇನ್‌ಸೋಲ್ ಹಾಕಲೇಬೇಕು ಅಂತೇನಿಲ್ಲ, ನನ್ನದೂ ಚಪ್ಪಟೆಯೇ, ನೋವಿಲ್ಲ, ಸುಮ್ನೆ ಬಿಟ್ಟಿದ್ದೇನೆ. ನಿಮಗೆ ನೋವಿದೆ, ಸರಿ. ಗೋಡೆ ಹಿಡಿದು ಮೀನಖಂಡ ಎಳೆಯುವ ವ್ಯಾಯಾಮ ದಿನಾ ಮಾಡಿ. ಶುಗರ್ ಇದ್ದರೆ, ಇಲ್ಲವೇ ಪಾದ ಜೋಮು ಹಿಡಿಯುತ್ತಿದ್ದರೆ ಅಂಗಡಿಗಿಂತ ಮೊದಲು ಡಾಕ್ಟರ್.

ನವನಗರದಾಂವ:
ಶುಗರ್ ಇಲ್ಲ. ಕಲ್ಲಿನ ಮೇಲೆ ನಿಂತು ನೋಡಿದೆ, ಇಡೀ ಪಾದ ಮೂಡಿತು. ಬಲಗಾಲು ಎಡಕ್ಕಿಂತ ಸ್ವಲ್ಪ ಉದ್ದ ಕೂಡ. ಅಳತೆ ಯಾವ ಕಾಲಿಗೆ?

ವಿಜಯಪುರದಾಕೆ:
ದೊಡ್ಡ ಕಾಲಿಗೆ. ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಊದಿರುತ್ತದೆ. ಹೊಸ ಇನ್‌ಸೋಲ್ ಜೊತೆಗೇ ಒಯ್ದು ಶೂ ಒಳಗೆ ಹಾಕಿ ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲ ಜಾಗ ಇರಲಿ. ಕೆಲವರಿಗೆ ಎರಡನೇ ಬೆರಳೇ ಉದ್ದ, ಅದನ್ನೂ ನೋಡಿಕೊಳ್ಳಿ.