ಸಹಾಯ ಬೇಕು: ಯುಕೆ ಕಾರು ಫ್ರಾನ್ಸಿಗೆ, ಎಲ್‌ಇಡಿ ಹೆಡ್‌ಲೈಟಿಗೆ ಸ್ಟಿಕ್ಕರ್ ಎಲ್ಲಿ ಅಂಟಿಸೋದು?

ಇಂಗ್ಲೆಂಡಿಂದ ಸ್ವಂತ ಕಾರಲ್ಲಿ ಮೊದಲ ಸಲ ಫ್ರಾನ್ಸಿಗೆ, ಕ್ಯಾಲೆ ದಾರಿ. ವಿ5ಸಿ (ಕಾರಿನ ನೋಂದಣಿ ಪತ್ರ), ವಿಮೆ, ಕಾರಿನ ಹಿಂದೆ ಅಂಟಿಸೋ ಯುಕೆ ಸ್ಟಿಕ್ಕರ್, ಎಚ್ಚರಿಕೆ ತ್ರಿಕೋನ, ರಿಫ್ಲೆಕ್ಟರ್ ಜಾಕೆಟ್ (ಡಿಕ್ಕಿಯಲ್ಲಲ್ಲ, ಸೀಟಿನ ಹತ್ತಿರವೇ ಇರಬೇಕು) ಎಲ್ಲ ರೆಡಿ. ತಲೆ ಕೆಟ್ಟಿರೋದು ಹೆಡ್‌ಲೈಟಿಂದ.

ರಾತ್ರಿ ಗೋಡೆಗೆ 5 ಮೀಟರ್ ದೂರದಲ್ಲಿ ನಿಲ್ಲಿಸಿ ಲೋ ಬೀಮ್ ಹಾಕಿದ್ರೆ ಬೆಳಕಿನ ಗೆರೆ ಬಲಕ್ಕೆ ಸಪಾಟು, ಎಡಕ್ಕೆ ಮೇಲೇಳುತ್ತೆ. ಅಲ್ಲಿ ಬಲಗಡೆ ಓಡಿಸುವಾಗ ಆ ಏರು ನೇರ ಎದುರಿನವರ ಕಣ್ಣಿಗೇ. ಕಾರಿನ ಮೆನುವಿನಲ್ಲಿ ಬೆಳಕಿನ ಎಡ-ಬಲ ಬದಲಿಸೋ ಆಯ್ಕೆ ಇಲ್ಲ, ಮ್ಯಾನುಯಲ್ಲಿನಲ್ಲೂ ಒಂದಕ್ಷರ ಇಲ್ಲ. ಹೆಡ್‌ಲೈಟಿನ ಎತ್ತರ ಹೊಂದಿಸೋ ಲೆವೆಲ್ ಡಯಲ್ 3ಕ್ಕೆ ಇಳಿಸಿದ್ರೆ ಇಡೀ ಬೆಳಕೇ ತಗ್ಗುತ್ತೆ, ಏರು ಹಾಗೇ ಇರುತ್ತೆ. ಆ ಏರು ಮರೆಮಾಡೋಕೆ ಹೆಡ್‌ಲೈಟಿಗೆ ಅಂಟಿಸೋ ಸ್ಟಿಕ್ಕರ್ ಪ್ಯಾಕಿನ ಚಿತ್ರಗಳೆಲ್ಲ ಹ್ಯಾಲೊಜೆನ್ ದೀಪದವು. ನನ್ನದು ಎಲ್‌ಇಡಿ ಪ್ರೊಜೆಕ್ಟರ್ (ಒಳಗಿನ ಲೆನ್ಸ್ ಮೂಲಕ ಬೆಳಕು ಬಿಡೋದು).

ಹೊರಗಾಜಿನ ಮೇಲೆ ಎಲ್ಲಿ ಅಂಟಿಸಿದ್ರೆ ಆ ಏರು ಮಾತ್ರ ಮುಚ್ಚುತ್ತೆ? ಗೋಡೆ ನೋಡ್ಕೊಂಡು ಜಾಗ ಗುರುತಿಸೋ ಕ್ರಮ ಗೊತ್ತಿದ್ದವರು ಹೇಳ್ತೀರಾ?