ಸಹಾಯ ಬೇಕು: ರೊಟ್ಟಿ ಆರ್ಡರ್ ಫಾರ್ಮ್‌ನ ಮೇಲ್ ಸರಿಯಾಗಿ ಬರುತ್ತಿಲ್ಲ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ನಮ್ಮ ಅಕ್ಕ ಮತ್ತು ಓಣಿಯ ನಾಲ್ಕು ಹೆಣ್ಣುಮಕ್ಕಳು ಸೇರಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿಕೊಟ್ಟವನು ನಾನು, ಹಾಗಾಗಿ ಬೈಗುಳವೂ ನನಗೇ.

ಆರ್ಡರ್‌ಗೆ ಕಾಂಟ್ಯಾಕ್ಟ್ ಫಾರ್ಮ್ 7 ಅನ್ನೋ ಪ್ಲಗಿನ್ ಹಾಕಿದ್ದೆ. ತುಂಬಿದವರಿಗೆ ಫಾರ್ಮ್ ಹೋಯಿತು ಅಂತಲೇ ಕಾಣುತ್ತದೆ, ಆದರೆ ಮೇಲ್ ಒಮ್ಮೆ ಸ್ಪ್ಯಾಮ್‌ಗೆ ಬೀಳುತ್ತದೆ, ಒಮ್ಮೆ ಬರುವುದೇ ಇಲ್ಲ. ಈ ಪ್ಲಗಿನ್ ತಾನಾಗಿ ಏನನ್ನೂ ಉಳಿಸಿಕೊಳ್ಳುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಹೋದ ಆರ್ಡರ್ ಹೋದಂತೆಯೇ ಅಲ್ವಾ? ಈಗ ಫಾರ್ಮ್‌ಗೆ ಬಂದದ್ದನ್ನು ಉಳಿಸಿಡುವ ಫ್ಲೆಮಿಂಗೊ ಪ್ಲಗಿನ್ ಹಾಕಿದ ಮೇಲೆ ಹೊಸವು ಡ್ಯಾಶ್‌ಬೋರ್ಡ್‌ನಲ್ಲಿ ಸಿಗುತ್ತಿವೆ. ‘ಫ್ರಮ್’ ಜಾಗದಲ್ಲಿ ಗಿರಾಕಿಯ ಮೇಲ್ ಇಟ್ಟಿದ್ದೆ, ಅದು ನನ್ನದೇ ತಪ್ಪು. ಅಲ್ಲಿ ನಮ್ಮ ಡೊಮೇನ್ ವಿಳಾಸ ಹಾಕಿ, ಗಿರಾಕಿಯದನ್ನು ‘ರಿಪ್ಲೈ-ಟು’ಗೆ ಸರಿಸಿದ್ದೇನೆ. ಆದರೂ ಸ್ಪ್ಯಾಮ್ ಕಾಟ ನಿಂತಿಲ್ಲ.

ಎಸ್‌ಎಂಟಿಪಿ ಪ್ಲಗಿನ್ (ಮೇಲ್ ಸರ್ವರ್‌ಗೆ ಲಾಗಿನ್ ಆಗಿ ಮೇಲ್ ಕಳಿಸುವುದು) ಒಂದೇ ಸಾಕಾ, ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್, ಡಿಕೆಐಎಂ (ಮೇಲ್ ನಿಜಕ್ಕೂ ನಮ್ಮ ಡೊಮೇನ್‌ನದೇ ಅಂತ ತೋರಿಸುವ ದಾಖಲೆಗಳು) ಕೂಡ ಹಾಕಬೇಕಾ? ಇನ್ನೊಂದು, ದಿನಕ್ಕೆ 300 ರೊಟ್ಟಿ ದಾಟಿದರೆ ಫಾರ್ಮ್ ತಾನೇ ಮುಚ್ಚಬೇಕು, ಅದಕ್ಕೆ ಏನು ಬಳಸುತ್ತೀರಿ? ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತು, ಆಗ ಆರ್ಡರ್ ಜಾಸ್ತಿ. ಮಾಡಿ ನೋಡಿದವರು ಹೇಳಿ, ಸುಮ್ನೆ ಲಿಂಕ್ ಎಸೆಯಬೇಡಿ.