ಸ್ಪ್ಯಾನಿಷ್ ಕ್ರಿಯಾಪದ: ತುಂಡುಗಳ ಲೆಕ್ಕ ಸರಿ, ಒಡೆದ ಜಾಗ ತಪ್ಪು

ಪ್ರಶ್ನೆ:
ನಾಲ್ಕು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಪದಗಳನ್ನು ಉಚ್ಚಾರದ ತುಂಡುಗಳಾಗಿ (ಸಿಲಬಲ್) ಒಡೆಯೋಕೆ ಹೇಳಿದ್ದರು. ‘ಅಬ್ಲಾಬಮೊಸ್’ (ನಾವು ಮಾತಾಡುತ್ತಿದ್ದೆವು) ಪದವನ್ನು ಅಬ್ಲ್-ಆ-ಬ-ಮೊಸ್ ಅಂತ ಒಡೆದೆ. ಮೇಡಂ ಕೆಂಪು ಗೆರೆ ಎಳೆದರು. ‘ಎಸ್ತೂದ್ಯೊ’ (ಓದುತ್ತೇನೆ) ಪದವನ್ನು ಕನ್ನಡದಲ್ಲಿ ಬರೆದುಕೊಂಡು ಎ-ಸ್ತೂ-ದ್ಯೊ ಮಾಡಿದೆ, ಅದಕ್ಕೂ ಗೆರೆ. ನಾಲ್ಕು, ಮೂರು, ಲೆಕ್ಕ ಸರಿ ಇದೆಯಲ್ಲ?

ಉತ್ತರ 1:
ಲೆಕ್ಕ ಸರಿ ಇರೋದರಿಂದಲೇ ತಪ್ಪು ಕಾಣುತ್ತಿಲ್ಲ. ನೀವು ಮೊದಲು ಒಡೆದದ್ದು ಅರ್ಥದ ತುಂಡುಗಳು: ಅಬ್ಲ್ ಧಾತು, ಆ ಅದು ಯಾವ ಕ್ರಿಯಾಪದ ಗುಂಪಿನದು ಅಂತ ತೋರಿಸುವ ಸ್ವರ, ಬ ಕಾಲ, ಮೊಸ್ ಅಂದರೆ ‘ನಾವು’. ನಮ್ಮ ಮಾಡು-ತ್ತ-ಏವೆ ಥರಾನೇ, ಧಾತು, ಕಾಲ, ಕೊನೆಗೆ ಪುರುಷ. ಆದರೆ ಬಾಯಿಗೆ ಅರ್ಥದ ಹಂಗಿಲ್ಲ, ಅದು ಅ-ಬ್ಲಾ-ಬ-ಮೊಸ್ ಅನ್ನುತ್ತೆ. ಬ್ಲ, ಬ್ರ, ಕ್ಲ, ಪ್ರ ಇಂಥ ಜೋಡಿಗಳು ಬಿಡಿಸಿಕೊಳ್ಳುವುದಿಲ್ಲ.

‘ಸ್ತ’ ಹಾಗಲ್ಲ, ಅದು ಒಡೆಯುತ್ತೆ: ಎಸ್-ತೂ-ದ್ಯೊ. ಸ್ ಜೊತೆ ಇನ್ನೊಂದು ವ್ಯಂಜನ ಇಟ್ಟು ಪದ ಶುರು ಮಾಡೋಕೆ ಅವರ ನಾಲಿಗೆ ಒಪ್ಪಲ್ಲ, ಶಾಲೆಗೆ ‘ಎಸ್ಕ್ವೇಲ’ ಅಂತಾರೆ, ನಮ್ಮಜ್ಜಿ ‘ಇಸ್ಕೂಲು’ ಅಂದ ಹಾಗೆ. ಕನ್ನಡದ ಒತ್ತಕ್ಷರ ನೋಡಿ ಒಡೆಯಬೇಡಿ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತಲ್ವಾ, ಆ ಕಿವಿ ‘ಸ್ತ’ಕ್ಕೆ ಸರಿ, ‘ಬ್ಲ’ಕ್ಕೆ ಕೈಕೊಡುತ್ತೆ.

ಉತ್ತರ 2:
ಒತ್ತಿನ ಮಾತು, ಅಂದರೆ ಯಾವ ತುಂಡನ್ನು ಜೋರಾಗಿ ಹೇಳಬೇಕು ಅನ್ನೋದು, ಬಿಟ್ಟುಹೋಯಿತು. ಪದದ ಕೊನೆ ಸ್ವರ, ನ್ ಅಥವಾ ಸ್ ಆದರೆ ಕೊನೆಯಿಂದ ಎರಡನೆಯ ತುಂಡಿಗೆ ಒತ್ತು. ಬೇರೆ ವ್ಯಂಜನ ಬಂದರೆ ಕೊನೆಯದಕ್ಕೇ. ಇದನ್ನು ಮುರಿದರೆ ಸ್ವರದ ಮೇಲೆ ಓರೆ ಗೆರೆ (á ಥರ). ‘ಆಬ್ಲೊ’ (ಮಾತಾಡುತ್ತೇನೆ) ಗೆರೆ ಬೇಡ, ‘ಅಬ್ಲೋ’ (ಅವನು ಮಾತಾಡಿದ) ಬೇಕು. ಅಬ್ಲಾಬಮೊಸ್‌ನಲ್ಲಿ ಒತ್ತು ಕೊನೆಯಿಂದ ಮೂರನೆಯದು, ಹಾಗಿದ್ದಾಗ ಗೆರೆ ಯಾವಾಗಲೂ ಇರುತ್ತೆ. (ದೀರ್ಘ ಹಾಕಿರೋದು ಒತ್ತು ತೋರಿಸೋಕೆ ಅಷ್ಟೇ, ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘ ಭೇದ ಇಲ್ಲ.)

ಪ್ರಶ್ನೆ ಕೇಳಿದವರು:
ಸರಿಹೋಯ್ತು, ಥ್ಯಾಂಕ್ಸ್. ಇನ್ನೊಂದೇ: ‘ಒಈದೊ’ (ಕೇಳಿದ) ಪದದ ಈ ಮೇಲೆ ಗೆರೆ ಇದೆ, ‘ಕೊನ್ಸ್‌ತ್ರುಈದೊ’ (ಕಟ್ಟಿದ) ಪದಕ್ಕೆ ಇಲ್ಲ. ಅಚ್ಚಿನ ತಪ್ಪಾ?

ಉತ್ತರ 2:
ಅಲ್ಲ. ಅ, ಎ, ಒ ಗಟ್ಟಿ ಸ್ವರಗಳು, ಇ, ಉ ಮೆತ್ತನೆಯವು. ಗಟ್ಟಿಯ ಪಕ್ಕದ ಮೆತ್ತನೆಯದರ ಮೇಲೆ ಒತ್ತು ಬಿದ್ದರೆ ಎರಡೂ ಬೇರೆ, ಗೆರೆ ಕಡ್ಡಾಯ: ಒ-ಈ-ದೊ. ಉ, ಇ ಎರಡೂ ಮೆತ್ತಗೆ, ಬರವಣಿಗೆಯಲ್ಲಿ ಅವನ್ನು ಒಂದೇ ತುಂಡು ಅಂತ ಎಣಿಸುತ್ತಾರೆ: ಕೊನ್ಸ್-ತ್ರುಈ-ದೊ. ಒತ್ತು ಮಾಮೂಲಿ ಜಾಗದಲ್ಲೇ ಇದೆ, ಗೆರೆ ಯಾಕೆ? ‘ಕೊನ್ಸ್‌ತ್ರುಈ’ (ನಾನು ಕಟ್ಟಿದೆ) ಅಂದಾಗ ಮಾತ್ರ ಹಾಕಿ, ಅಲ್ಲಿ ಒತ್ತು ಕೊನೆಯ ತುಂಡಿಗೆ ಜಾರಿದೆ.